ಚೆಲ್ಲಿದ ಕಪ್ಪಿನ ಲೆಕ್ಕ

ಒತ್ತಡದಿಂದ ಬಿಸಿನೀರನ್ನು ಪುಡಿಯ ಮೂಲಕ ಹಾಯಿಸಿ ಗಟ್ಟಿ ಕಾಫಿ ಇಳಿಸುವ ಎಸ್‌ಪ್ರೆಸೊ ಯಂತ್ರದ ಹಿಂದೆ ನಿಂತು ಕಾಫಿ ಮಾಡಿಕೊಡುವುದು ನನ್ನ ವೃತ್ತಿ. ವಾರದ ರಜೆಯ ದಿನವೂ ನಾನು ಹೋಗುವುದು ಇನ್ನೊಂದು ಕಾಫಿ ಅಂಗಡಿಗೇ ಎಂದು ತಿಳಿದವರು ನಗುತ್ತಾರೆ. ದಿನವಿಡೀ ಅಡುಗೆ ಮಾಡುವವರಿಗೆ ಬೇರೆಯವರ ಕೈರುಚಿಯ ಮೇಲೆ ಎಷ್ಟು ಆಸೆಯಿರುತ್ತದೆ ಎಂಬುದನ್ನು ಬಲ್ಲವರಿಗೆ ಮಾತ್ರ ಇದು ವಿಚಿತ್ರವೆನಿಸುವುದಿಲ್ಲ. ಕೆಲಸದ ದಿನಗಳಲ್ಲಿ ನಾನು ಹತ್ತಾರು ಸಲ ಕಾಫಿಯ ರುಚಿ ನೋಡುತ್ತೇನೆ, ನಿಜ. ಆದರೆ ಅದು ಚಮಚದಷ್ಟು ಬಾಯಿಗೆ ಹಾಕಿಕೊಂಡು ತಪ್ಪು ಹುಡುಕುವ ಕೆಲಸ. ಪೂರ್ತಿ ಕಪ್ಪನ್ನು ಮುಂದಿಟ್ಟುಕೊಂಡು, ಅದು ಆರುತ್ತ ಆರುತ್ತ ಹೇಗೆ ಬದಲಾಗುತ್ತದೆ ಎಂದು ಗಮನಿಸುತ್ತ, ಕೊನೆಯ ಗುಟುಕಿನವರೆಗೆ ಕುಡಿಯಲು ಸಾಧ್ಯವಾಗುವುದು ರಜೆಯಲ್ಲಿ ಮಾತ್ರ. ಅಂಥ ನಾಲ್ಕು ರಜೆಗಳಲ್ಲಿ ಒಂದೇ ಅಂಗಡಿಗೆ ಹೋಗಿ ಬಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮೂರನೆಯ ಭೇಟಿಯ ಬಗ್ಗೆ ಹೇಳಬೇಕಾದದ್ದು ಮೆಚ್ಚುಗೆಯ ಮಾತಲ್ಲ. ಅಂದು ಕಾಫಿ ಮಾಡಿಕೊಟ್ಟವರು ನನ್ನಂತೆಯೇ ಯಂತ್ರದ ಹಿಂದೆ ದುಡಿಯುವವರು.

ಮೊದಲ ಸಲ ಹೋದಾಗ ಅಂಗಡಿಯ ಬಾಗಿಲು ತೆರೆದು ಹೆಚ್ಚು ಹೊತ್ತಾಗಿರಲಿಲ್ಲ. ಎಸ್‌ಪ್ರೆಸೊ ಕೇಳಿದೆ. ಬರಿಸ್ತಾ, ಅಂದರೆ ಕಾಫಿ ಮಾಡಿಕೊಡುವವರು, ಪುಡಿಯನ್ನು ತೂಗಿ, ಪೋರ್ಟಾಫಿಲ್ಟರ್ ಎಂಬ ಹಿಡಿಯುಳ್ಳ ಜರಡಿಯಲ್ಲಿ ಸಮನಾಗಿ ಹರಡಿ, ಒತ್ತಿ, ಯಂತ್ರಕ್ಕೆ ಸಿಕ್ಕಿಸಿ, ಕಪ್ಪಿನಡಿಯ ತಕ್ಕಡಿಯನ್ನೂ ಗಡಿಯಾರವನ್ನೂ ನೋಡುತ್ತ ನಿಂತರು. ಇಳಿದ ಕಾಫಿಯನ್ನು ಚಮಚದಿಂದ ಕಲಕಿ, ತಾವೇ ಒಂದು ಗುಟುಕು ಕುಡಿದು, ಉಳಿದದ್ದನ್ನು ಸಿಂಕಿಗೆ ಚೆಲ್ಲಿದರು. ಪುಡಿಯ ಹದ ಬದಲಿಸುವ ಗ್ರೈಂಡರಿನ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ, ಸ್ವಲ್ಪ ಪುಡಿಯನ್ನು ಬೀಸಿ ಎಸೆದು, ಇನ್ನೊಂದು ಕಪ್ ಇಳಿಸಿದರು. ಅದನ್ನೂ ಕುಡಿದು ನೋಡಿ ಚೆಲ್ಲಿದರು. ನನ್ನ ಮುಂದೆ ಬಂದದ್ದು ಮೂರನೆಯದು. ತಡವಾದುದಕ್ಕೆ ಅವರು ಕ್ಷಮೆ ಕೇಳಿದರು; ಆ ತಡವೇ ನನ್ನನ್ನು ಮತ್ತೆ ಆ ಅಂಗಡಿಗೆ ಕರೆತಂದಿತು ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ಹೊರಗಿನಿಂದ ನೋಡುವವರಿಗೆ ಇದು ದುಂದುವೆಚ್ಚದಂತೆ ಕಾಣಬಹುದು. ಆದರೆ ಎಸ್‌ಪ್ರೆಸೊ ಎಂಬುದು ತೀರ ಚಿಕ್ಕ ವ್ಯತ್ಯಾಸವನ್ನೂ ಕ್ಷಮಿಸದ ಪಾನೀಯ. 18 ಗ್ರಾಂ ಪುಡಿಯಿಂದ ಸುಮಾರು 36 ಗ್ರಾಂ ಕಾಫಿಯನ್ನು 25ರಿಂದ 30 ಸೆಕೆಂಡುಗಳೊಳಗೆ ಇಳಿಸುವುದು ಇಂದು ಬಹಳ ಕಡೆ ಆರಂಭದ ಅಳತೆ. ನೀರಿನ ಬಿಸಿ 90ರಿಂದ 96 ಡಿಗ್ರಿ ಸೆಲ್ಸಿಯಸ್, ಒತ್ತಡ ಸುಮಾರು 9 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು ಒಂಬತ್ತು ಪಟ್ಟು. ಈ ಅಂಕಿಗಳೆಲ್ಲ ನಿನ್ನೆಯಂತೆಯೇ ಇದ್ದರೂ ಬೀಜ ನಿನ್ನೆಯದಾಗಿ ಉಳಿದಿರುವುದಿಲ್ಲ. ಹುರಿದ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ದಿನದಿಂದ ದಿನಕ್ಕೆ ಹೊರಹೋಗುತ್ತಿರುತ್ತದೆ, ಅದರೊಂದಿಗೆ ನೀರಿಗೆ ಪುಡಿ ಒಡ್ಡುವ ತಡೆಯೂ ತಗ್ಗುತ್ತ ಹೋಗುತ್ತದೆ. ನಿನ್ನೆ 28 ಸೆಕೆಂಡಿನಲ್ಲಿ ಇಳಿದ ಕಾಫಿ ಇಂದು ಅದೇ ಪುಡಿಯ ಹದದಲ್ಲಿ 23 ಸೆಕೆಂಡಿಗೇ ಇಳಿದುಬಿಟ್ಟರೆ ಆಶ್ಚರ್ಯವಿಲ್ಲ. ಹಿಂದಿನ ರಾತ್ರಿ ಗ್ರೈಂಡರಿನ ಸಂದಿಗಳಲ್ಲಿ ಉಳಿದ ಹಳೆಯ ಪುಡಿ ಮೊದಲ ಕಪ್ಪಿಗೆ ಬಂದು ಸೇರುವುದು ಬೇರೆ. ಆದ್ದರಿಂದ ದಿನದ ಮೊದಲ ಒಂದೆರಡು ಕಪ್ಪುಗಳು ಗಿರಾಕಿಗೆ ಸೇರಬೇಕಾದವಲ್ಲ. ಇದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು; ಗಿರಾಕಿ ಎದುರಿಗೆ ಕಾಯುತ್ತಿರುವಾಗ ಅದರಂತೆ ನಡೆಯುವವರು ಕಡಿಮೆ.

ಆ ಮೂರನೆಯ ಕಪ್ಪಿನ ಮಾತಿಗೆ ಬರುತ್ತೇನೆ. ಮೊದಲ ಗುಟುಕಿನಲ್ಲಿ ಹಣ್ಣಿನ ಹುಳಿ ಸ್ಪಷ್ಟವಾಗಿತ್ತು, ಆದರೆ ಹಲ್ಲು ಚುಳ್ಳೆನ್ನಿಸುವ ಹುಳಿಯಲ್ಲ. ಅದರ ಬೆನ್ನಿಗೇ ಕಂದಿಸಿದ ಸಕ್ಕರೆಯ ಸಿಹಿ, ಕೊನೆಯಲ್ಲಿ ನಾಲಿಗೆಯ ಹಿಂಭಾಗದಲ್ಲಿ ನಿಂತು ಮೆಲ್ಲಗೆ ಕರಗಿದ ಕಹಿ. ಬಿಸಿನೀರು ಪುಡಿಯಿಂದ ಹುಳಿಯ ಅಂಶಗಳನ್ನು ಬೇಗ ಎಳೆದುಕೊಳ್ಳುತ್ತದೆ, ಕಹಿ ಮತ್ತು ಒಗರು ತಡವಾಗಿ ಬರುತ್ತವೆ. ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನದಲ್ಲಿಯೇ ಬರಿಸ್ತಾನ ಅರ್ಧ ಕಸುಬು ಅಡಗಿದೆ. ಮೇಲೆ ನಿಂತ ಕ್ರೆಮಾ, ಅಂದರೆ ಎಸ್‌ಪ್ರೆಸೊದ ಕಂದು ನೊರೆ, ತೆಳುವಾಗಿತ್ತು. ದಪ್ಪ ನೊರೆಯೇ ಒಳ್ಳೆಯ ಕಾಫಿಯ ಗುರುತು ಎಂದು ನಂಬಿದವರಿಗೆ ಇದು ಕೊರತೆಯಾಗಿ ಕಂಡೀತು. ಆದರೆ ತೀರ ಹೊಸದಾಗಿ ಹುರಿದ ಬೀಜವೂ, ರೋಬಸ್ಟಾ ಬೆರೆತ ಬೀಜವೂ ಬೇಕಾದಷ್ಟು ನೊರೆ ಕೊಡುತ್ತವೆ. ನೊರೆಯನ್ನಷ್ಟೇ ಚಮಚದಲ್ಲಿ ಎತ್ತಿ ಬಾಯಿಗೆ ಹಾಕಿ ನೋಡಿದರೆ ಅದು ಎಷ್ಟು ಕಹಿ ಎಂಬುದು ತಿಳಿಯುತ್ತದೆ.

ಅಂಗಡಿಯ ಯಂತ್ರ ಹಳೆಯ ಬಗೆಯದು. ಮುಂದಕ್ಕೆ ಚಾಚಿಕೊಂಡ, ಹೊಳೆಯುವ, ಭಾರವಾದ ಲೋಹದ ತಲೆಯುಳ್ಳ ಈ ವಿನ್ಯಾಸದ ಮೂಲ ಇಟಲಿಯ ಫೆಮಾ ಕಂಪನಿ 1961ರಲ್ಲಿ ತಂದ ಇ61. ಕೈಬಲದಿಂದ ಸನ್ನೆಕೋಲನ್ನು ಎಳೆದು ಒತ್ತಡ ಹುಟ್ಟಿಸುವ ಕೆಲಸವನ್ನು ಆ ಯಂತ್ರ ವಿದ್ಯುತ್ ಪಂಪಿಗೆ ವಹಿಸಿತು. ಅದಕ್ಕೂ ಮೊದಲು, ಅಕಿಲೆ ಗಾಜಿಯಾ 1938ರಲ್ಲಿ ಆರಂಭಿಸಿ ಮಹಾಯುದ್ಧದ ನಂತರ ಪೂರ್ಣಗೊಳಿಸಿದ ಸನ್ನೆಕೋಲಿನ ಯಂತ್ರದಿಂದಲೇ ಕಾಫಿಯ ಮೇಲೆ ಕ್ರೆಮಾ ನಿಲ್ಲತೊಡಗಿದ್ದು. ಅಲ್ಲಿಯವರೆಗಿನ ಹಬೆಯ ಯಂತ್ರಗಳಲ್ಲಿ ಅಷ್ಟು ಒತ್ತಡವಿರಲಿಲ್ಲ. ಬಿಸಿಯನ್ನು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಹಿಡಿತದಲ್ಲಿಡುವ ಯಂತ್ರಗಳು ಇಂದು ಸಿಗುತ್ತವೆ. ನಮ್ಮಲ್ಲಿ ಅಂಥದೇ ಇದೆ. ಈ ಅಂಗಡಿಯ ಯಂತ್ರಕ್ಕೆ ಆ ಸೂಕ್ಷ್ಮತೆಯಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದರ ತಲೆ ಅತಿಯಾಗಿ ಕಾಯುತ್ತದೆ. ಬರಿಸ್ತಾ ಪ್ರತಿ ಸಲವೂ ಪುಡಿ ಸಿಕ್ಕಿಸುವ ಮೊದಲು ಕೆಲವು ಸೆಕೆಂಡು ಬರಿ ನೀರು ಹರಿಸಿ, ಬುಸುಗುಟ್ಟುವ ಸದ್ದು ನಿಂತ ಮೇಲೆಯೇ ಮುಂದುವರಿಯುತ್ತಿದ್ದರು. ನನ್ನ ಯಂತ್ರ ನನಗಾಗಿ ಮಾಡುವ ಕೆಲಸವನ್ನು ಅವರು ಕಿವಿಯಿಂದ ಮಾಡುತ್ತಿದ್ದುದನ್ನು ಕಂಡು, ಹೇಳಬಾರದೇಕೆ, ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಎರಡನೆಯ ಭೇಟಿಯಲ್ಲಿ ಕೈಯಿಂದ ನೀರು ಸುರಿದು ಇಳಿಸುವ ಕಾಫಿಯನ್ನು ಕೇಳಿದೆ. ಬೀಜ ಇಥಿಯೋಪಿಯಾದ್ದು, ತಿರುಳು ತೊಳೆದು ಒಣಗಿಸಿದ ಬಗೆಯದು. ಜೊತೆಗೆ ಕೊಟ್ಟ ಚಿಕ್ಕ ಕಾರ್ಡಿನಲ್ಲಿ ಹುರಿದ ದಿನಾಂಕ, ಪುಡಿ 15 ಗ್ರಾಂ, ನೀರು 250 ಗ್ರಾಂ, ಒಟ್ಟು ಸಮಯ 2 ನಿಮಿಷ 45 ಸೆಕೆಂಡು ಎಂದು ಬರೆದಿತ್ತು. ಕಾರ್ಡಿನ ಇನ್ನೊಂದು ಬದಿಯಲ್ಲಿ ಮಲ್ಲಿಗೆ, ನಿಂಬೆ, ಜೇನು, ಪೀಚ್, ಕಪ್ಪು ಚಹಾ ಎಂಬ ಐದು ರುಚಿಗಳ ಪಟ್ಟಿಯೂ ಇತ್ತು. ಮಲ್ಲಿಗೆಯನ್ನು ಹೋಲುವ ಪರಿಮಳವೂ ನಿಂಬೆಯ ಚುರುಕೂ ಖಂಡಿತವಾಗಿ ಇದ್ದವು. ಪೀಚನ್ನು ನಾನು ಹುಡುಕಿ ಸೋತೆ. ಹೊಸದಾಗಿ ಈ ಬಗೆಯ ಕಾಫಿಗೆ ಬರುವವರು ಇಂಥ ಪಟ್ಟಿಯನ್ನು ಓದಿ, ತಮಗೆ ಯಾವುದೂ ಸಿಗದಿದ್ದಾಗ ತಮ್ಮ ನಾಲಿಗೆಯನ್ನೇ ಅನುಮಾನಿಸುತ್ತಾರೆ. ಎರಡು ರುಚಿಗಳನ್ನು ಹೇಳಿ ನಿಲ್ಲಿಸಿದರೆ ಕಾಫಿಯ ಗೌರವವೂ ಉಳಿಯುತ್ತದೆ, ಕುಡಿಯುವವರದೂ ಉಳಿಯುತ್ತದೆ.

ತಯಾರಿಯಲ್ಲಿ ಮಾತ್ರ ತಪ್ಪು ಹುಡುಕಲಾರೆ. ಕಾಗದದ ಶೋಧಕವನ್ನು ಮೊದಲು ಬಿಸಿನೀರಿನಿಂದ ತೊಯ್ಯಿಸಿ ಆ ನೀರನ್ನು ಚೆಲ್ಲಿದರು. ಇದರಿಂದ ಕಾಗದದ ವಾಸನೆ ಹೋಗುತ್ತದೆ, ಪಾತ್ರೆಯೂ ಬೆಚ್ಚಗಾಗುತ್ತದೆ. (ಈ ಕಾಗದದ ಉಪಾಯಕ್ಕೆ 1908ರಲ್ಲಿ ಪೇಟೆಂಟ್ ಪಡೆದವರು ಮೆಲಿಟ್ಟಾ ಬೆಂಟ್ಸ್ ಎಂಬ ಜರ್ಮನಿಯ ಗೃಹಿಣಿ, ಮಗನ ಪುಸ್ತಕದ ಮಸಿಹೀರುವ ಕಾಗದದಿಂದ ಆರಂಭಿಸಿದ ಅವರಿಗೆ, ಕಪ್ಪಿನ ತಳದಲ್ಲಿ ಚರಟ ನೋಡಲೊಲ್ಲದ ನಾವೆಲ್ಲ ಋಣಿಗಳು.) ಮೊದಲು ಸುಮಾರು 45 ಗ್ರಾಂ ನೀರನ್ನು ಸುರಿದು ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಪುಡಿ ಉಬ್ಬಲು ಬಿಟ್ಟರು. ಒಳಗಿನ ಅನಿಲ ಹೊರಹೋಗದಿದ್ದರೆ ನೀರು ಪುಡಿಯೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ, ಅಕ್ಕಪಕ್ಕದ ಸುಲಭದ ದಾರಿ ಹಿಡಿದು ಜಾರಿಕೊಳ್ಳುತ್ತದೆ. ಉಳಿದ ನೀರನ್ನು ಮೂರು ಕಂತುಗಳಲ್ಲಿ, ಸಣ್ಣ ಧಾರೆಯಲ್ಲಿ, ಮಧ್ಯದಿಂದ ಹೊರಕ್ಕೆ ಸುತ್ತುತ್ತ ಸುರಿದರು. ಕಾಫಿ ಆರಿದಂತೆಲ್ಲ ಸಿಹಿಯಾಗುತ್ತ ಹೋಯಿತು. ಪಾತ್ರೆ ಖಾಲಿಯಾಗುವ ಹೊತ್ತಿಗೆ ಅದು ಉಗುರುಬೆಚ್ಚಗಿತ್ತು, ನನಗೆ ಆ ದಿನದ ಅತ್ಯುತ್ತಮ ಗುಟುಕು ಅದೇ ಆಗಿತ್ತು. ಕೆಟ್ಟ ಕಾಫಿ ಬಿಸಿಯ ಮರೆಯಲ್ಲಿ ಬಚ್ಚಿಟ್ಟುಕೊಳ್ಳಬಲ್ಲದು. ಆರಿದ ಮೇಲೆ ಅದರ ಕಮಟು ಹೊರಬೀಳುತ್ತದೆ.

ಹಾಲಿನ ಕಾಫಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಮ್ಮೆ ಮಾತ್ರ ಕ್ಯಾಪುಚಿನೊ ಕುಡಿದೆ. ನೊರೆ ನಯವಾಗಿತ್ತು, ಹಬೆಯ ನಳಿಕೆಯನ್ನು ಪ್ರತಿ ಸಲವೂ ಒರೆಸಿ ಶುದ್ಧಗೊಳಿಸುತ್ತಿದ್ದರು, ಆದರೆ ಹಾಲು ನನಗೆ ಹೆಚ್ಚು ಬಿಸಿಯೆನಿಸಿತು. 60ರಿಂದ 65 ಡಿಗ್ರಿಯವರೆಗೆ ಹಾಲಿನ ಸಿಹಿ ನಾಲಿಗೆಗೆ ಚೆನ್ನಾಗಿ ತಿಳಿಯುತ್ತದೆ; 70 ದಾಟಿದರೆ ಕುದಿದ ಹಾಲಿನ ವಾಸನೆ ಮೇಲೇಳುತ್ತದೆ. ಬಹುಮಂದಿ ಗಿರಾಕಿಗಳು ಸುಡುಸುಡುವ ಕಾಫಿಯನ್ನೇ ಕೇಳುತ್ತಾರೆಂಬುದು ನನ್ನ ಅನುಭವವೂ ಹೌದು, ಆದ್ದರಿಂದ ಇದನ್ನು ತಪ್ಪೆಂದು ಬರೆದುಕೊಳ್ಳಲಿಲ್ಲ.

ಮೂರನೆಯ ಸಲ ಮಧ್ಯಾಹ್ನ ಹೋದೆ. ಜನ ತುಂಬಿದ್ದರು, ಯಂತ್ರದ ಬಳಿ ಬೇರೆಯವರಿದ್ದರು. ಮತ್ತೆ ಎಸ್‌ಪ್ರೆಸೊ ಕೇಳಿ, ರೂಢಿಯಂತೆ ಮನಸ್ಸಿನಲ್ಲಿಯೇ ಸೆಕೆಂಡುಗಳನ್ನು ಎಣಿಸಿದೆ. ಹದಿನೈದಕ್ಕೆಲ್ಲ ಕಪ್ ತುಂಬಿತು. ಧಾರೆ ಬೇಗ ಬಿಳಚಿಕೊಂಡಿತ್ತು. ಕುಡಿದಾಗ ನೀರುನೀರಾದ, ಉಪ್ಪು ಬೆರೆತಂತಿದ್ದ ಹುಳಿ. ಅದರ ಹಿಂದೆ ಏನೂ ಇಲ್ಲ. ಅದೇ ಬೀಜ, ಅದೇ ಯಂತ್ರ. 1950ರ ದಶಕದಲ್ಲಿ ಅಮೆರಿಕದಲ್ಲಿ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ವಿಜ್ಞಾನಿ ನಡೆಸಿದ ಅಧ್ಯಯನದಿಂದ ಬಂದ, ಇಂದಿಗೂ ನಮ್ಮ ವೃತ್ತಿಯವರು ಬಳಸುವ ಲೆಕ್ಕವೊಂದಿದೆ: ಪುಡಿಯ ತೂಕದ ಶೇಕಡಾ 18ರಿಂದ 22ರಷ್ಟು ಅಂಶ ನೀರಿಗೆ ಇಳಿದರೆ ಕಾಫಿ ಹದವಾಗಿರುತ್ತದೆ. ಆ ಕಪ್ಪು ಈ ಗೆರೆಯ ಹತ್ತಿರಕ್ಕೂ ಬಂದಿರಲಾರದೆಂದು ಹೇಳಲು ನನಗೆ ಉಪಕರಣ ಬೇಕಾಗಲಿಲ್ಲ.

ಏನು ಮಾಡಬೇಕೆಂದು ಸ್ವಲ್ಪ ಹೊತ್ತು ತೋಚಲಿಲ್ಲ. ಇನ್ನೊಬ್ಬ ಬರಿಸ್ತಾಗೆ, ಅದೂ ಜನ ತುಂಬಿರುವಾಗ, ಕಾಫಿ ಸರಿಯಿಲ್ಲ ಎಂದು ಹೇಳುವುದು ನನಗೆ ಕಷ್ಟ. ಕೊನೆಗೆ ಹೋಗಿ, ತುಸು ಹುಳಿಯಾಗಿದೆ ಎಂದಷ್ಟೇ ಹೇಳಿದೆ. ಅವರು ಮರುಮಾತಿಲ್ಲದೆ ಇನ್ನೊಂದು ಮಾಡಿಕೊಟ್ಟರು. ಆದರೆ ಗ್ರೈಂಡರನ್ನು ಮುಟ್ಟಲಿಲ್ಲ, ತಕ್ಕಡಿಯನ್ನು ಹೊತ್ತಿಸಲಿಲ್ಲ, ರುಚಿಯನ್ನೂ ನೋಡಲಿಲ್ಲ. ಎರಡನೆಯ ಕಪ್ ಮೊದಲನೆಯದರ ಪಡಿಯಚ್ಚಾಗಿತ್ತು. ಸೌಜನ್ಯಕ್ಕೆ ಕೊರತೆಯಿರಲಿಲ್ಲ, ತಪ್ಪು ಎಲ್ಲಿದೆಯೆಂದು ತಿಳಿಯುವ ಪ್ರಯತ್ನವಷ್ಟೇ ಇರಲಿಲ್ಲ. ಬಿಡುವಿಲ್ಲದೆ ಬೀಸಿದಾಗ ಗ್ರೈಂಡರಿನ ಅಲಗುಗಳು ಕಾಯ್ದು ಪುಡಿಯ ಸ್ವಭಾವ ಬದಲಾಗುತ್ತದೆ, ಮೇಲಿನ ಡಬ್ಬಿಯಲ್ಲಿ ಬೀಜ ಗಾಳಿಗೆ ತೆರೆದುಕೊಂಡಿರುತ್ತದೆ, ಡಬ್ಬಿ ಅರ್ಧ ಖಾಲಿಯಾದಾಗ ಬೀಜ ಬೀಳುವ ಒತ್ತಡವೂ ತಗ್ಗುತ್ತದೆ. ಬೆಳಿಗ್ಗೆ ಹಿಡಿದ ಹದ ಮಧ್ಯಾಹ್ನದವರೆಗೆ ತಾನಾಗಿ ಉಳಿಯುವುದಿಲ್ಲ.

ನಾಲ್ಕನೆಯ ಸಲ, ಪರೀಕ್ಷಿಸಲೆಂದೇ, ಅದೇ ಮಧ್ಯಾಹ್ನದ ಹೊತ್ತಿಗೆ ಹೋದೆ. ಜನ ಅಷ್ಟೇ ಇದ್ದರು, ಆದರೆ ಯಂತ್ರದ ಬಳಿ ಮೊದಲ ದಿನದವರು ಇದ್ದರು. ಗದ್ದಲದ ನಡುವೆಯೂ ಅವರು ಆಗಾಗ ಒಂದು ಗುಟುಕು ಕುಡಿದು ನೋಡಿ ಉಂಗುರವನ್ನು ಸರಿಪಡಿಸಿಕೊಳ್ಳುತ್ತಿದ್ದರು. ಕಪ್ ಚೆನ್ನಾಗಿತ್ತು. ಹಾಗಾಗಿ ಈ ಅಂಗಡಿಯ ಮೇಲಿನ ನನ್ನ ದೂರು ಬೀಜದ ಮೇಲಲ್ಲ, ಹಳೆಯ ಯಂತ್ರದ ಮೇಲಲ್ಲ, ಮೂರನೆಯ ದಿನ ಇದ್ದವರ ಮೇಲೂ ಪೂರ್ತಿಯಾಗಿ ಅಲ್ಲ. ಇಡೀ ಅಂಗಡಿ ಒಬ್ಬರ ನಾಲಿಗೆಯನ್ನು ನಂಬಿ ನಡೆಯುತ್ತಿದೆ, ಆ ನಾಲಿಗೆ ಕಲಿತದ್ದನ್ನು ಇನ್ನೊಬ್ಬರಿಗೆ ದಾಟಿಸುವ ವ್ಯವಸ್ಥೆ ಅಲ್ಲಿ ಕಾಣುವುದಿಲ್ಲ. ನಮ್ಮ ಅಂಗಡಿಯಲ್ಲಿ ಗ್ರೈಂಡರಿನ ಪಕ್ಕ ಒಂದು ನೋಟ್‌ಬುಕ್ ಇದೆ. ಪಾಳಿ ಬದಲಾಗುವಾಗ ಪುಡಿಯ ತೂಕ, ಇಳಿದ ಕಾಫಿಯ ತೂಕ, ಸೆಕೆಂಡು, ರುಚಿಯ ಬಗ್ಗೆ ಎರಡು ಪದ ಬರೆದಿಡುತ್ತೇವೆ, ಹೊಸ ಪಾಳಿಯವರು ಮೊದಲ ಕಪ್ಪನ್ನು ತಾವೇ ಕುಡಿಯಬೇಕು. ಇದನ್ನು ನಾವೇನೂ ಜಾಣತನದಿಂದ ಕಂಡುಕೊಂಡದ್ದಲ್ಲ. ಹಿಂದೊಮ್ಮೆ ನಾನೇ ಒಂದು ಸಂಜೆಯೆಲ್ಲ ರುಚಿ ನೋಡದೆ ಕಹಿ ಕಾಫಿ ಕೊಟ್ಟು, ಅರ್ಧ ತುಂಬಿದ ಕಪ್ಪುಗಳು ಮೇಜಿನಿಂದ ವಾಪಸು ಬರುವುದನ್ನು ನೋಡಿದ ಮೇಲೆ ಶುರುವಾದ ಪದ್ಧತಿ ಅದು.

ಉಳಿದ ವಿಷಯಗಳು ಚಿಕ್ಕವು. ಕಪ್ಪುಗಳು ದಪ್ಪನೆಯವು, ಬೆಚ್ಚಗೆ ಇಟ್ಟಿರುತ್ತಾರೆ. ಕೇಳದೆಯೇ ನೀರು ತಂದಿಡುತ್ತಾರೆ. ಯಂತ್ರದ ಬದಿಯ ಆಸನಗಳಲ್ಲಿ ಪುಡಿ ತಟ್ಟುವ ಸದ್ದು ಮಾತನ್ನು ಕತ್ತರಿಸುತ್ತದೆ. ನನಗೆ ಅದು ಇಷ್ಟ, ಓದಲು ಬರುವವರಿಗೆ ಇಷ್ಟವಾಗದು.

ಬೆಳಿಗ್ಗೆ ಹೋಗುವವರು ಎಸ್‌ಪ್ರೆಸೊವನ್ನು ಧೈರ್ಯವಾಗಿ ಕೇಳಬಹುದು, ಸ್ವಲ್ಪ ಕಾಯಬೇಕಾದರೆ ಬೇಸರಿಸದಿರಲಿ. ಮಧ್ಯಾಹ್ನ ಹೋದಾಗ ಯಂತ್ರದ ಬಳಿ ಇರುವವರು ತಮ್ಮ ಕಾಫಿಯನ್ನು ತಾವು ಕುಡಿದು ನೋಡುತ್ತಿದ್ದಾರೆಯೇ ಎಂದು ಒಂದು ನಿಮಿಷ ಗಮನಿಸಿ, ಇಲ್ಲವೆಂದು ಕಂಡರೆ ಕೈಯಿಂದ ಸುರಿಯುವ ಕಾಫಿಯನ್ನು ತೆಗೆದುಕೊಳ್ಳುವುದು ಲೇಸು. ಅದರ ಅಳತೆ ಕಾರ್ಡಿನ ಮೇಲೆಯೇ ಇದೆ, ಪ್ರತಿ ಕಪ್ಪಿಗೂ ಬೀಜ ತೂಗಿಯೇ ಬೀಸುತ್ತಾರೆ, ಪುಡಿಯ ಹದ ತುಸು ಆಚೀಚೆಯಾದರೂ ಕಾಫಿ ಅಷ್ಟಾಗಿ ಕೆಡುವುದಿಲ್ಲ.