ಟೊರೆಂಟ್ ಶುರುಮಾಡಲು ಯಾವುದು: ಟ್ರಾನ್ಸ್‌ಮಿಷನ್ ಅಥವಾ ಕ್ಯೂಬಿಟ್‌ಟೊರೆಂಟ್?

ಟೊರೆಂಟ್ ಅಂದರೆ ಬಳಕೆದಾರರು ಒಬ್ಬರಿಂದೊಬ್ಬರು ನೇರವಾಗಿ ಫೈಲ್ ಇಳಿಸಿಕೊಳ್ಳುವ ವಿಧಾನ. ಅದಕ್ಕೆ ಬೇಕಾದ ಆ್ಯಪ್‌ಗಳು ಇವೆರಡು. ಎರಡೂ ಉಚಿತ, ಎರಡೂ ಓಪನ್ ಸೋರ್ಸ್, ಜಾಹೀರಾತಿನ ಕಾಟ ಎರಡರಲ್ಲೂ ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತವೆ. ವೇಗ ನೋಡಿ ಆರಿಸಬೇಡಿ. ಅದು ಆ ಫೈಲಿಗೆ ಎಷ್ಟು ಸೀಡರ್‌ಗಳಿದ್ದಾರೆ (ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರು), ನಿಮ್ಮ ಇಂಟರ್ನೆಟ್ ಹೇಗಿದೆ ಎಂಬುದರ ಮೇಲೆ ನಿಂತಿರುತ್ತದೆ.

ಟ್ರಾನ್ಸ್‌ಮಿಷನ್ ತೆರೆದರೆ ಸಾದಾ ಪಟ್ಟಿ, ಅಷ್ಟೆ. ಹಳೇ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತದೆ. ಕೆಳಗಿನ ಆಮೆಯ ಗುರುತು ಒತ್ತಿದರೆ ವೇಗ ತಗ್ಗುತ್ತದೆ. ಮನೆಯಲ್ಲಿ ಯಾರೋ ವಿಡಿಯೊ ಕಾಲ್‌ನಲ್ಲಿದ್ದಾಗ ಇದು ತುಂಬಾ ಉಪಯೋಗ.

ಕ್ಯೂಬಿಟ್‌ಟೊರೆಂಟ್‌ನಲ್ಲಿ ಸೆಟ್ಟಿಂಗ್ ಜಾಸ್ತಿ, ಮೊದಲ ದಿನ ಸ್ವಲ್ಪ ಗಾಬರಿಯಾಗಬಹುದು. ಆದರೆ ಒಳಗೇ ಹುಡುಕುವ ಸೌಲಭ್ಯ, ಆರ್‌ಎಸ್‌ಎಸ್ ಫೀಡ್ (ತಾಣಕ್ಕೆ ಹೊಸದು ಸೇರಿದಾಗ ತಿಳಿಸುವ ಪಟ್ಟಿ), ವಿಭಾಗವಾರು ಫೋಲ್ಡರ್ ಎಲ್ಲ ಇವೆ. ವಿಪಿಎನ್ (ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ, ಮರೆಮಾಡುವ ಸೇವೆ) ಬಳಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಅಂತ ಇದೆ. ಅಲ್ಲಿ ವಿಪಿಎನ್‌ನದ್ದನ್ನೇ ಆರಿಸಿದರೆ, ವಿಪಿಎನ್ ಕಡಿದ ಕೂಡಲೇ ಡೌನ್‌ಲೋಡೂ ನಿಲ್ಲುತ್ತದೆ. ಟೊರೆಂಟ್‌ನಲ್ಲಿ ನಿಮ್ಮ ಐಪಿ ವಿಳಾಸ ಉಳಿದವರಿಗೆ ಕಾಣುತ್ತದೆ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ಆಗೊಮ್ಮೆ ಈಗೊಮ್ಮೆ ಇಳಿಸುವವರಿಗೆ ಟ್ರಾನ್ಸ್‌ಮಿಷನ್ ಸಾಕು. ದಿನಾ ಬಳಸುವುದಾದರೆ ಕ್ಯೂಬಿಟ್‌ಟೊರೆಂಟ್ ಕಲಿಯಿರಿ.

ಯಾವುದೇ ಆಗಲಿ, ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಮೊದಲು ಡೆಬಿಯನ್ ಅಥವಾ ಉಬುಂಟು (ಎರಡೂ ಉಚಿತ ಲಿನಕ್ಸ್) ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಹಾಕಿ ನೋಡಿ. ಅವರೇ ಟೊರೆಂಟ್ ಕೊಡುತ್ತಾರೆ, ಕಾನೂನಿನ ತೊಂದರೆ ಇಲ್ಲ, ಸೀಡರ್‌ಗಳಿಗೂ ಬರವಿಲ್ಲ. ಇಳಿದ ಮೇಲೆ ತಕ್ಷಣ ಮುಚ್ಚಬೇಡಿ. ರೇಶಿಯೊ 1 ಆಗುವವರೆಗಾದರೂ, ಅಂದರೆ ಪಡೆದಷ್ಟು ಕೊಡುವವರೆಗೆ, ಸೀಡ್ ಮಾಡಿ.