ಐದು ವರ್ಷ ರೀಸೈಜ್ ಅಬ್ಸರ್ವರ್ ಬಳಸಿದ ಮೇಲೆ: 5ಕ್ಕೆ 4

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಬ್ರೌಸರ್ ಒಳಗೇ ಬರುವ ಸೌಲಭ್ಯ, ದುಡ್ಡು ಕೊಡಬೇಕಿಲ್ಲ. ಪುಟದ ಯಾವುದಾದರೂ ಎಲಿಮೆಂಟ್‌ನ (ಚಿತ್ರ, ಪಟ್ಟಿ, ಚೌಕದಂಥ ಒಂದು ಭಾಗ) ಅಳತೆ ಬದಲಾದರೆ ನಮ್ಮ ಸ್ಕ್ರಿಪ್ಟ್‌ಗೆ, ಅಂದರೆ ಪುಟದಲ್ಲಿ ಓಡುವ ನಮ್ಮ ಕೋಡ್‌ಗೆ, ಸುದ್ದಿ ಮುಟ್ಟಿಸುವುದು ಇದರ ಕೆಲಸ. ಕ್ರೋಮ್‌ಗೆ 2018ರಲ್ಲಿ ಬಂತು, ಫೈರ್‌ಫಾಕ್ಸ್‌ಗೆ 2019ರಲ್ಲಿ, ಸಫಾರಿಗೆ 2020ರಲ್ಲಿ. ಮೂರಕ್ಕೂ ಬಂದ ಮೇಲೇ ನಾನು ಕೈ ಹಾಕಿದ್ದು. ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ವೆಬ್‌ಸೈಟ್ ಕೆಲಸ ಮಾಡುತ್ತೇನೆ. ಗಿರಾಕಿಗಳೆಲ್ಲ ಸಣ್ಣವರು. ಒಂದು ಹೋಮ್‌ಸ್ಟೇ, ಒಂದು ಸೀರೆ ಅಂಗಡಿ, ಮಂಡ್ಯದ ಒಬ್ಬ ಬೆಲ್ಲದ ವ್ಯಾಪಾರಿ. ಕಥೆ ಶುರುವಾಗಿದ್ದು ಆ ವ್ಯಾಪಾರಿಯಿಂದ.

ಒಂದು ದಿನ ಬೆಳಿಗ್ಗೆ ಫೋನ್ ಮಾಡಿದರು. "ಏನಪ್ಪಾ, ನಿನ್ ಪೇಜು ಕಬ್ಬಿನ್ ಗಾಡಿ ಥರ ಎಳೀತದಲ್ಲ?"

"ಯಜಮಾನ್ರೇ, ನೆಟ್‌ವರ್ಕ್ ಇರಬೇಕು ನೋಡಿ" ಅಂದೆ. ನೆಟ್‌ವರ್ಕ್ ಆಗಿರಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪುಟ ಬೆಣ್ಣೆಯಂತೆ ಜಾರುತ್ತಿತ್ತು. ಅವರ ಹಳೇ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ಬೆರಳಿಟ್ಟು ಎಳೆದರೆ ಒಂದು ಕ್ಷಣ ಹೆಪ್ಪುಗಟ್ಟಿ, ಆಮೇಲೆ ದಡಕ್ಕನೆ ಜಿಗಿಯುತ್ತಿತ್ತು. ಪುಟದ ಒಳಗುಟ್ಟು ತೋರಿಸುವ ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಸಿಪಿಯು ವೇಗವನ್ನು 6 ಪಟ್ಟು ಇಳಿಸಿ ರೆಕಾರ್ಡ್ ಮಾಡಿದೆ. ಲೇಔಟ್ (ಯಾವುದು ಎಲ್ಲಿ, ಎಷ್ಟು ದೊಡ್ಡದಾಗಿ ಕೂರಬೇಕು ಎಂದು ಬ್ರೌಸರ್ ಹಾಕುವ ಲೆಕ್ಕ) ತೋರಿಸುವ ನೇರಳೆ ಪಟ್ಟಿಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೂಲೆಯಲ್ಲೂ ಕೆಂಪು ತ್ರಿಕೋನ. ಅಂದರೆ ಲೇಔಟ್ ತಾನಾಗಿ ನಡೆದಿದ್ದಲ್ಲ, ಸ್ಕ್ರಿಪ್ಟ್ ಬಲವಂತವಾಗಿ ಮಾಡಿಸಿದ್ದು.

ತಪ್ಪು ನನ್ನದೇ. ಬೆಲ್ಲದ ಬಗೆಗಳನ್ನು 140 ಕಾರ್ಡ್‌ಗಳಲ್ಲಿ, ಅಂದರೆ ಒಂದೊಂದಕ್ಕೆ ಒಂದು ಚೌಕದಂತೆ, ಹಾಕಿದ್ದೆ. ಎಲ್ಲದರ ಎತ್ತರವೂ ಒಂದೇ ಇರಲಿ ಅಂತ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಒಂದು ಕಾರ್ಡ್‌ನ ಎತ್ತರವನ್ನು ಆಟೋ ಮಾಡು, ಆಫ್‌ಸೆಟ್‌ಹೈಟ್ (ಪರದೆಯ ಮೇಲಿನ ನಿಜವಾದ ಎತ್ತರ) ಓದು, ಹೊಸ ಎತ್ತರ ಹಾಕು, ಮುಂದಿನ ಕಾರ್ಡ್‌ಗೆ ಹೋಗು. ಓದಲು ಚೆನ್ನಾಗಿದೆ, ಅಲ್ವಾ? ಆದರೆ ಸ್ಟೈಲ್ ಬದಲಾಯಿಸಿದ ತಕ್ಷಣ ಅಳತೆ ಕೇಳಿದರೆ ಬ್ರೌಸರ್ ಹಳೇ ಲೆಕ್ಕ ಕೊಡುವಂತಿಲ್ಲ. ಆ ಕ್ಷಣದಲ್ಲೇ ಲೇಔಟ್ ಹೊಸದಾಗಿ ಮಾಡಬೇಕು. ಹಾಗೆ 140 ಸಲ. ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಪಾಕ ಕಾಯಿಸಿ ಎಲ್ಲ ಅಚ್ಚಿಗೂ ಹೊಯ್ಯುತ್ತಾರೆ. ನಾನು ಒಂದೊಂದು ಅಚ್ಚಿಗೂ ಹೊಸದಾಗಿ ಒಲೆ ಹಚ್ಚುತ್ತಿದ್ದೆ. ಸೆಕೆಂಡಿಗೆ 60 ಸಲ ಹೊಸದಾಗುವ 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ, ಅಂದರೆ ಒಂದು ಸಲದ ಚಿತ್ರಕ್ಕೆ, ಸಿಗುವುದೇ 16.7 ಮಿಲಿಸೆಕೆಂಡ್. ಅದರಲ್ಲಿ ಇಷ್ಟೆಲ್ಲ ಎಲ್ಲಿ ಹಿಡಿಸುತ್ತದೆ?

ಸರಿ, ಆದರೆ ಸ್ಕ್ರೋಲ್ ಮಾಡುವಾಗ ಅದು ಯಾಕೆ ಓಡಬೇಕು? ಅದನ್ನು ಕಟ್ಟಿದ್ದು ವಿಂಡೋದ ರೀಸೈಜ್ ಈವೆಂಟ್‌ಗೆ, ಅಂದರೆ ವಿಂಡೋ ಅಳತೆ ಬದಲಾದಾಗ ಬ್ರೌಸರ್ ಕೊಡುವ ಸೂಚನೆಗೆ ತಾನೆ? ಇದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡೆ. ಫೋನಿನಲ್ಲಿ ಕೆಳಗೆ ಸರಿದರೆ ಅಡ್ರೆಸ್ ಬಾರ್ ಮೇಲೆ ಹೋಗಿ ಮರೆಯಾಗುತ್ತದೆ. ಪುಟ ಕಾಣುವ ಜಾಗ ಅಷ್ಟು ಉದ್ದವಾಗುತ್ತದೆ. ಆಗ ಆಂಡ್ರಾಯ್ಡ್ ಕ್ರೋಮ್‌ನಲ್ಲಿ ರೀಸೈಜ್ ಈವೆಂಟ್ ಬರುತ್ತದೆ! ಕಾರ್ಡ್‌ಗಳ ಅಗಲ ಒಂದು ಪಿಕ್ಸೆಲ್ ಕೂಡ ಬದಲಾಗಿಲ್ಲ, ನನ್ನ ಸ್ಕ್ರಿಪ್ಟ್ ಮಾತ್ರ ಎದ್ದು 140 ಕಾರ್ಡ್ ಅಳೆಯಲು ಹೊರಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇದು ಜನ್ಮಕ್ಕೂ ಕಾಣುವುದಿಲ್ಲ.

ರೀಸೈಜ್ ಅಬ್ಸರ್ವರ್ ನನ್ನ ಮನಸ್ಸು ಗೆದ್ದಿದ್ದು ಇಲ್ಲಿ. ನೋಡಲು ಶುರು ಮಾಡಿದಾಗ ನಮ್ಮ ಸ್ಕ್ರಿಪ್ಟ್ ಅನ್ನು ಒಮ್ಮೆ ಕರೆಯುತ್ತದೆ. ಆಮೇಲೆ ವಿಂಡೋ ಏನಾದರೂ ಆಗಲಿ, ಹೇಳಿದ ಎಲಿಮೆಂಟ್‌ನ ಅಳತೆ ನಿಜವಾಗಿ ಬದಲಾದರೆ ಮಾತ್ರ ಕರೆಯುತ್ತದೆ. ಕರೆಯುವ ಹೊತ್ತೂ ಸರಿಯಾಗಿದೆ: ಲೇಔಟ್ ಮುಗಿದು, ಪರದೆಗೆ ಬಣ್ಣ ಬಳಿಯುವ ಮೊದಲು. ಅಳತೆ ಅದರ ಕೈಯಲ್ಲೇ ಬರುತ್ತದೆ, ನಾವು ಮತ್ತೆ ಕೇಳಬೇಕಿಲ್ಲ.

ಕನ್ನಡ ಪುಟ ಮಾಡುವವರಿಗೆ ಇನ್ನೊಂದು ಉಪಯೋಗವಿದೆ. ಪುಟ ಮೊದಲು ಫೋನಿನದೇ ಕನ್ನಡ ಫಾಂಟ್‌ನಲ್ಲಿ ಬರುತ್ತದೆ, ಸ್ವಲ್ಪ ಹೊತ್ತಿಗೆ ನಮ್ಮ ವೆಬ್‌ಫಾಂಟ್ ಬಂದು ಕೂರುತ್ತದೆ. ಅಕ್ಷರದ ಅಗಲ ಬೇರೆ, ಒತ್ತಕ್ಷರಕ್ಕೆ ಬೇಕಾದ ಜಾಗ ಬೇರೆ. "ಅಚ್ಚು ಬೆಲ್ಲ" ಒಂದೇ ಸಾಲಿನಲ್ಲಿ ಉಳಿಯುತ್ತದೆ. "ಶುಂಠಿ ಏಲಕ್ಕಿ ಹಾಕಿದ ಪುಡಿ ಬೆಲ್ಲ" ಎರಡನೇ ಸಾಲಿಗೆ ಇಳಿಯುತ್ತದೆ. ಕಾರ್ಡ್ ಉದ್ದವಾಯಿತು, ವಿಂಡೋಗೆ ಗೊತ್ತೇ ಇಲ್ಲ. ಅಬ್ಸರ್ವರ್‌ಗೆ ಗೊತ್ತಾಗುತ್ತದೆ. ಮೊದಲು ಇದಕ್ಕೆಂದೇ ಅರ್ಧ ಸೆಕೆಂಡಿಗೊಮ್ಮೆ ಟೈಮರ್ ಇಟ್ಟು ಸುಮ್ನೆ ಅಳೆಯುತ್ತಾ ಕೂತಿರುತ್ತಿದ್ದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಈಗ ಒಂದು ಸ್ಟಾರ್ ಕಳೆದದ್ದು ಯಾಕೆ ಅಂತ.

ಕರೆ ಬಂದಾಗ ಅದೇ ಎಲಿಮೆಂಟ್‌ನ ಅಳತೆಯನ್ನು ನೀವು ಮತ್ತೆ ಬದಲಾಯಿಸಿದರೆ ಅದು ಮತ್ತೆ ಕರೆಯಬೇಕಾಗುತ್ತದೆ. ಹೀಗೆ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಳ್ಳಬಾರದು ಅಂತ ಬ್ರೌಸರ್ ಅದನ್ನು ಮುಂದಿನ ಫ್ರೇಮ್‌ಗೆ ತಳ್ಳಿ, ಒಂದು ಎರರ್ ಎಸೆಯುತ್ತದೆ. ಪುಟಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಎರರ್ ಲೆಕ್ಕ ಇಡುವ ಒಂದು ಸೇವೆಗೆ ನಾನು ಚಂದಾ ಕಟ್ಟಿದ್ದೆ. ಆ ತಿಂಗಳ ಕೋಟಾ ಎಲ್ಲ ಈ ಒಂದೇ ಸಾಲು ನುಂಗಿತು. ಕೆಲಸವನ್ನು ರಿಕ್ವೆಸ್ಟ್ ಆನಿಮೇಶನ್ ಫ್ರೇಮ್ (ಮುಂದಿನ ಫ್ರೇಮ್‌ನಲ್ಲಿ ಮಾಡು ಅಂತ ಹೇಳುವ ಸೌಲಭ್ಯ) ಒಳಗೆ ಹಾಕಿದರೆ ಎರರ್ ನಿಲ್ಲುತ್ತದೆ, ಸುತ್ತು ಮಾತ್ರ ಹಾಗೇ ಇರುತ್ತದೆ, ಫ್ರೇಮಿಗೊಂದರಂತೆ. ತಂದೆಯ, ಅಂದರೆ ಹೊರಗಿನ ಎಲಿಮೆಂಟ್‌ನ, ಅಗಲ ನೋಡಿ ಅದರೊಳಗಿರುವ ಮಗುವಿನ ಎತ್ತರ ಬದಲಾಯಿಸಿ. ನೋಡುವುದೂ ಬದಲಾಯಿಸುವುದೂ ಒಂದೇ ಎಲಿಮೆಂಟ್ ಆಗದಿರಲಿ.

ಎಲಿಮೆಂಟ್ ಮರೆಯಾದರೆ ಸೊನ್ನೆ ಅಳತೆಯೊಂದಿಗೆ ಕರೆ ಬರುತ್ತದೆ. ನಮ್ಮ ದರದ ಗ್ರಾಫ್ ಪುಟದಲ್ಲೇ ತೆರೆದು ಮುಚ್ಚುವ ಒಂದು ಟ್ಯಾಬ್‌ನೊಳಗಿತ್ತು. ಟ್ಯಾಬ್ ಮುಚ್ಚಿದಾಗ ಗ್ರಾಫ್ ಸೊನ್ನೆ ಅಗಲಕ್ಕೆ ಕುಗ್ಗಿ ಕೂತಿತು. ಎತ್ತರ ಮೆಲ್ಲಗೆ ಬದಲಾಗಲಿ ಅಂತ ಸಿಎಸ್‌ಎಸ್ (ಪುಟದ ಅಂದ ಹೇಳುವ ಭಾಷೆ) ಟ್ರಾನ್ಸಿಶನ್ ಹಾಕಿದ್ದರೆ, ಅದು ಮುಗಿಯುವವರೆಗೂ ಪ್ರತಿ ಫ್ರೇಮ್‌ಗೆ ಕರೆ. ಬಿಡಿಸಿದ ಚಿತ್ರವನ್ನಷ್ಟೇ ಹಿಗ್ಗಿಸಿ ಕುಗ್ಗಿಸುವ ಟ್ರಾನ್ಸ್‌ಫಾರ್ಮ್‌ನಿಂದ ದೊಡ್ಡದು ಚಿಕ್ಕದು ಮಾಡಿದರೆ ಒಂದು ಕರೆಯೂ ಇಲ್ಲ, ಅದು ಲೇಔಟ್ ಮುಟ್ಟುವುದೇ ಇಲ್ಲವಲ್ಲ. ಇದು ದೋಷವಲ್ಲ, ಅನುಕೂಲ. ಒತ್ತಿದಾಗ ಕಾರ್ಡ್ ಉಬ್ಬುವ ಆಟಕ್ಕೆಲ್ಲ ನಾನೀಗ ಟ್ರಾನ್ಸ್‌ಫಾರ್ಮ್ ಬಿಟ್ಟು ಬೇರೆ ಬಳಸುವುದಿಲ್ಲ. ಇನ್ನು ಕಾರ್ಡಿಗೊಂದು ಅಬ್ಸರ್ವರ್ ಮಾಡಬೇಡಿ. ಒಂದೇ ಅಬ್ಸರ್ವರ್‌ಗೆ ಎಲ್ಲವನ್ನೂ ಒಪ್ಪಿಸಬಹುದು.

ಐದು ವರ್ಷದಲ್ಲಿ ಆದ ತಮಾಷೆ ಏನೆಂದರೆ, ಬೆಲ್ಲದ ಪುಟದಲ್ಲಿ ಈಗ ಕಾರ್ಡ್‌ಗಳಿಗೆ ಅಬ್ಸರ್ವರ್ರೇ ಇಲ್ಲ. ಎಲಿಮೆಂಟ್‌ಗಳನ್ನು ಸಾಲು ಕಂಬಗಳಲ್ಲಿ ಜೋಡಿಸುವ ಸಿಎಸ್‌ಎಸ್ ಗ್ರಿಡ್‌ನಲ್ಲಿ ಒಂದು ಸಾಲಿನ ಕಾರ್ಡ್‌ಗಳು ತಾವಾಗಿ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಆ ಸ್ಕ್ರಿಪ್ಟ್ ಬೇಕೇ ಇರಲಿಲ್ಲ! ಚಿತ್ರಗಳ ಜಾಗ ಮೊದಲೇ ಕಾದಿರಿಸಲು ಅಗಲಕ್ಕೆ ತಕ್ಕ ಎತ್ತರ ಹೇಳುವ ಆಸ್ಪೆಕ್ಟ್ ರೇಶಿಯೊ ಇದೆ, ಕ್ರೋಮ್‌ಗೆ 2021ರಲ್ಲಿ ಬಂತು. ಕಾರ್ಡ್ ಕಿರಿದಾದರೆ ಬೆಲೆಯನ್ನು ಹೆಸರಿನ ಕೆಳಗೆ ಇಳಿಸುವ ಕೆಲಸವನ್ನು ಕಂಟೈನರ್ ಕ್ವೆರಿಗೆ (ಹೊರಗಿನ ಎಲಿಮೆಂಟ್‌ನ ಅಳತೆ ನೋಡಿ ಅಂದ ಬದಲಿಸುವ ಸಿಎಸ್‌ಎಸ್ ನಿಯಮ) ಬಿಟ್ಟಿದ್ದೇನೆ. ಅದು ಕ್ರೋಮ್, ಸಫಾರಿಗೆ 2022ರಲ್ಲಿ, ಫೈರ್‌ಫಾಕ್ಸ್‌ಗೆ 2023ರಲ್ಲಿ ಬಂತು. ಪರದೆಯಾಚೆಯ ಕಾರ್ಡ್‌ಗಳ ಲೆಕ್ಕ ಹತ್ತಿರ ಬರುವವರೆಗೆ ಬೇಡ ಅಂತ ಕಂಟೆಂಟ್ ವಿಸಿಬಿಲಿಟಿ ಆಟೋ ಮಾಡಿದ್ದರಿಂದ ಹಳೇ ಫೋನ್‌ಗೆ ಮೊದಲ ಸಲ ತೆರೆಯುವ ಕಷ್ಟವೂ ಇಳಿಯಿತು. ಅಂದಾಜು ಎತ್ತರ ಕೊಡುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಸ್ಕ್ರೋಲ್‌ಬಾರ್ ಹುಚ್ಚು ಕುದುರೆಯಾಗುತ್ತದೆ.

ಒಟ್ಟು 11 ಕಡೆ ಇದ್ದ ಅಬ್ಸರ್ವರ್ ಈಗ 3 ಕಡೆ ಉಳಿದಿದೆ. ಒಂದು, ಕ್ಯಾನ್ವಾಸ್‌ನಲ್ಲಿ (ಸ್ಕ್ರಿಪ್ಟ್ ಚಿತ್ರ ಬಿಡಿಸುವ ಹಲಗೆ) ಬಿಡಿಸುವ ದರದ ಗ್ರಾಫ್‌ಗೆ. ಕ್ಯಾನ್ವಾಸ್ ತಾನಾಗಿ ಮತ್ತೆ ಬಿಡಿಸಿಕೊಳ್ಳುವುದಿಲ್ಲ, ಇಲ್ಲಿ ಬೇರೆ ದಾರಿಯಿಲ್ಲ. ಇನ್ನೊಂದು, ಹೋಮ್‌ಸ್ಟೇ ಪುಟದ ಮೇಲೆ ಅಂಟಿಕೊಂಡಿರುವ ಪಟ್ಟಿಗೆ. ಕನ್ನಡದಿಂದ ಇಂಗ್ಲಿಷ್‌ಗೆ ಬದಲಾಯಿಸಿದರೆ ಅದರ ಎತ್ತರ ಬದಲಾಗುತ್ತದೆ, ಅದರ ಕೆಳಗಿನ ಭಾಗಗಳಿಗೆ ತಿಳಿಸಬೇಕು. ಮೂರನೆಯದು ಹೊರಗಿನ ಬುಕಿಂಗ್ ಪಟ್ಟಿಯೊಂದನ್ನು ಕೂರಿಸಿದ ಜಾಗಕ್ಕೆ, ಅದು ಯಾವಾಗ ಎಷ್ಟು ಬೆಳೆಯುತ್ತದೆ ಎಂದು ಹೇಳಲಾಗದು.

ಮಂಡ್ಯದ ಯಜಮಾನರ ಆ ಹಳೇ ಫೋನ್ ಈಗ ನನ್ನ ಮೇಜಿನ ಮೇಲಿದೆ. ಅವರು ಹೊಸದು ತಗೊಂಡಾಗ ಕೇಳಿ ಇಸಕೊಂಡೆ. ಪುಟ ಯಾವುದೇ ಆಗಲಿ, ಅದರಲ್ಲಿ ಬೆರಳಿಟ್ಟು ಎಳೆದು ನೋಡದೆ ಗಿರಾಕಿಗೆ ಕೊಡುವುದಿಲ್ಲ.