ಬಾತ್ ಊರಿನ ನೀರು ನೋಡೋಕೆ ಮೂರು ದಾರಿ: ಬುಗ್ಗೆ, ಹೊಳೆ, ನಾಲೆ

ನಾವಿರೋದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ, ಇಲ್ಲಿಂದ ಬಾತ್‌ಗೆ ಟ್ರೈನಲ್ಲಿ ಅರ್ಧ ಗಂಟೆ. ಈ ಬೇಸಿಗೇಲಿ ಅತ್ತೆ ಬಂದಿದಾರೆ, ಅವರ ಜೊತೆ ಎರಡು ಸಲ, ಒಬ್ಬಳೇ ಒಂದು ಸಲ ಹೋಗಿಬಂದೆ, ಮೂರು ಸಲಾನೂ ಬೇರೆ ಬೇರೆ ದಾರೀಲಿ ನಡೆದು. ಊರಿಂದ ಬರೋರೆಲ್ಲ "ಒಂದೇ ದಿನ ಇದೆ, ಬಾತ್‌ನಲ್ಲಿ ಏನ್ ನೋಡ್ಲಿ" ಅಂತ ಕೇಳ್ತಾರೆ, ಅವ್ರಿಗೆ ಕಳಿಸೋಕೆ ಇರ್ಲಿ ಅಂತ ಬರೀತಿದೀನಿ. ರೋಮನ್ ಬಾತ್ಸ್ (ರೋಮನ್ನರ ಕಾಲದ ಬಿಸಿನೀರಿನ ಸ್ನಾನದ ಕಟ್ಟಡ, ಈಗ ಮ್ಯೂಸಿಯಂ) ಒಳಗೆ ಒಂದು ಸುತ್ತು ಹಾಕಿ, ಫೋಟೋ ತೆಗೆದು ವಾಪಸ್ ಟ್ರೈನ್ ಹತ್ತಬೇಡಿ. ಆ ಊರಲ್ಲಿ ಮೂರು ಥರದ ನೀರಿದೆ, ಬಿಸಿ ಬುಗ್ಗೆ, ಏವನ್ ಹೊಳೆ, ಮತ್ತೆ ಕೆನೆಟ್ ಏವನ್ ನಾಲೆ, ಮೂರೂ ಕೊನೆಗೆ ಒಂದೇ ಕಡೆ ಸೇರತ್ತೆ, ಅದು ನಡೆದು ನೋಡಿದ್ರೇನೇ ಗೊತ್ತಾಗೋದು.

ಮೊದಲು ಬುಗ್ಗೆ. ಇದಕ್ಕೆ ದಾರಿ ಅನ್ನೋಷ್ಟು ಉದ್ದಾನೂ ಇಲ್ಲ. ಅಬ್ಬೆ ಚರ್ಚಿನ ಮುಂದಿಂದ ಸ್ಟಾಲ್ ಸ್ಟ್ರೀಟ್ ದಾಟಿ, ಎರಡೂ ಕಡೆ ಕಂಬಗಳ ಸಾಲಿರೋ ಬಾತ್ ಸ್ಟ್ರೀಟಲ್ಲಿ ಕೊನೇ ತನಕ ಹೋದ್ರೆ ಮುಗೀತು, ಅಷ್ಟರಲ್ಲೇ ಮೂರು ಬುಗ್ಗೆ: ರೋಮನ್ ಬಾತ್ಸ್ ಒಳಗಿನ ಕಿಂಗ್ಸ್ ಸ್ಪ್ರಿಂಗ್, ಆಮೇಲೆ ಕ್ರಾಸ್ ಬಾತ್, ಅದರ ಪಕ್ಕದಲ್ಲಿ ಹೆಟ್ಲಿಂಗ್. ಕಿಂಗ್ಸ್ ಸ್ಪ್ರಿಂಗ್ ಒಂದ್ರಿಂದಾನೇ ದಿನಕ್ಕೆ 11 ಲಕ್ಷ ಲೀಟರಿಗೂ ಜಾಸ್ತಿ ನೀರು ಬರತ್ತೆ, 46 ಡಿಗ್ರಿ ಬಿಸಿ. ಸಾವಿರಾರು ವರ್ಷದ ಹಿಂದೆ ಮೆಂಡಿಪ್ ಗುಡ್ಡಗಳ ಮೇಲೆ ಬಿದ್ದ ಮಳೆ ಸುಣ್ಣದ ಕಲ್ಲಿನ ಬಿರುಕಲ್ಲಿ ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಇಳಿದು, ಭೂಮಿಯೊಳಗಿನ ಶಾಖಕ್ಕೆ ಕಾದು ಇಲ್ಲಿ ಮೇಲೆ ಬರ್ತಿದೆ. ಅಲ್ಲಿ ನಿಂತಾಗ ಹಬೆ ಮುಖಕ್ಕೆ ಬಡಿಯತ್ತೆ, ನೀರು ಹರಿದು ಹೋಗೋ ಕಲ್ಲೆಲ್ಲ ಕಬ್ಬಿಣದ ಅಂಶಕ್ಕೆ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿದೆ.

ನಮ್ಮತ್ತೆ ತವರು ಪುತ್ತೂರು ಕಡೆ. ಅಲ್ಲೇ ಇರ್ದೆಯಲ್ಲಿ ಬೆಂದ್ರ್ ತೀರ್ಥ ಅಂತ ಬಿಸಿನೀರಿನ ಕೆರೆ ಇದೆ, ಚಿಕ್ಕವರಿದ್ದಾಗ ಅದರಲ್ಲಿ ಮಿಂದಿದ್ರಂತೆ. ಹಾಗಾಗಿ ಇಲ್ಲಿ ಬಂದ ಕೂಡ್ಲೇ ಕೈ ಅದ್ದೋಕೆ ಬಗ್ಗಿದ್ರು, ನಾನು ಗಾಬರಿಯಿಂದ ಹಿಡ್ಕೊಂಡೆ. ರೋಮನ್ ಬಾತ್ಸ್ ಒಳಗಿನ ದೊಡ್ಡ ಕೊಳ, ಗ್ರೇಟ್ ಬಾತ್, ಅದರ ನೀರು ಮುಟ್ಟೋ ಹಾಗಿಲ್ಲ, ಶುದ್ಧ ಮಾಡಿದ ನೀರಲ್ಲ ಅದು. 1978ರಲ್ಲಿ ಇಲ್ಲಿನ ನೀರಲ್ಲಿ ಈಜಿದ ಒಂದು ಹುಡುಗಿ ಅಮೀಬಾ ಸೋಂಕಿಗೆ ತೀರಿಕೊಂಡಳು, ಅಲ್ಲಿಗೆ ಸ್ನಾನ ನಿಂತೇಹೋಯ್ತು. ಆಮೇಲೆ ಬೋರ್ ಕೊರೆದು ಆಳದಿಂದ ಶುದ್ಧ ನೀರು ತೆಗೆದು, 2006ರಲ್ಲಿ ಹೊಸ ಥರ್ಮೆ ಸ್ಪಾ ತೆರೆದ್ರು. ಇಳೀಬೇಕು ಅನ್ನೋರು ಅಲ್ಲಿಗೆ ಹೋಗ್ಬೇಕು. ಅತ್ತೆಗೆ ಸ್ವಿಮ್ಮಿಂಗ್ ಡ್ರೆಸ್ ಒಗ್ಗಲ್ಲ, ನಾವು ಹೋಗ್ಲಿಲ್ಲ, ಪಕ್ಕದ ಪಂಪ್ ರೂಮ್ ಅನ್ನೋ ಹಳೇ ಹಾಲಲ್ಲಿ ಕುಡಿಯೋಕೆ ಅಂತಲೇ ಕೊಡ್ತಿದ್ದ ಬುಗ್ಗೆ ನೀರು ಒಂದೊಂದು ಲೋಟ ಕುಡಿದ್ವಿ. ಬೆಚ್ಚಗೆ, ಹಳೇ ಬೋರ್‌ವೆಲ್ ನೀರಿನ ಥರ ಒಗರು. ಅತ್ತೆ ಪೂರ್ತಿ ಕುಡಿದ್ರು.

ಮ್ಯೂಸಿಯಂ ಭಾಗದಲ್ಲಿ ಬೇಗ ಬೇಗ ನಡೀಬೇಡಿ. ಬುಗ್ಗೆಯೊಳಗೆ ಸಿಕ್ಕ, ರೋಮನ್ನರ ಕಾಲದ ಸೀಸದ ತೆಳು ತಗಡುಗಳಿವೆ, ಅಂಥವು ಸುಮಾರು 130 ಸಿಕ್ಕಿವೆ. ಸ್ನಾನಕ್ಕೆ ಹೋದಾಗ ಬಟ್ಟೆ ಕದ್ದೋರು, ದುಡ್ಡು ಕದ್ದೋರು ಹಾಳಾಗ್ಲಿ ಅಂತ ಸುಲಿಸ್ ಮಿನರ್ವಾ ದೇವಿಗೆ ಬರೆದು ನೀರಿಗೆ ಹಾಕಿರೋ ದೂರುಗಳು. ನಾನು ಓದಿ ಹೇಳ್ತಿದ್ರೆ ಅತ್ತೆಗೆ ಆಶ್ಚರ್ಯಾನೇ ಆಗ್ಲಿಲ್ಲ. "ನಮ್ಮಲ್ಲಿ ಕಳ್ಳತನ ಆದ್ರೆ ದೈವಕ್ಕೆ ಹೇಳಿಕೊಳ್ಳುದಿಲ್ವಾ ಮಗಾ, ಹಾಗೇ ಇದು" ಅಂದ್ರು. ನನಗೆ ಆ ತಗಡುಗಳು ಅರ್ಥ ಆಗಿದ್ದು ಆವಾಗ್ಲೇ.

ಇನ್ನು ಹೊಳೆ. ಹರಿದು ಮಿಕ್ಕ ಬುಗ್ಗೆ ನೀರು ರೋಮನ್ನರು ಕಟ್ಟಿದ ಚರಂಡಿಯಲ್ಲೇ ಇವತ್ತಿಗೂ ಏವನ್ ಹೊಳೆಗೆ ಹೋಗತ್ತೆ, ದಾರೀಲಿ ಅದರ ಶಾಖ ತೆಗೆದು ಅಬ್ಬೆ ಚರ್ಚಿನ ನೆಲ ಬೆಚ್ಚಗಿಡ್ತಾರೆ. ಅದಕ್ಕೇ ಬುಗ್ಗೆ ಆದ್ಮೇಲೆ ಹೊಳೆ ಕಡೆ ಹೋಗೋದು ಸರಿ ಅನ್ಸತ್ತೆ. ಪಲ್ಟ್ನಿ ಸೇತುವೆ ಹತ್ರ ಎಲ್ರೂ ಫೋಟೋ ತೆಗೆಯೋ ಜಾಗ, 1774ರಲ್ಲಿ ಮುಗಿದಿದ್ದು, ಮೇಲೆ ಎರಡೂ ಕಡೆ ಅಂಗಡಿ ಸಾಲು ಇರೋದ್ರಿಂದ ಸೇತುವೆ ಮೇಲೆ ಹೋಗ್ತಿದೀವಿ ಅಂತಾನೇ ಗೊತ್ತಾಗಲ್ಲ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಬೀಳೋ ಕಟ್ಟೆ ಚೆನ್ನಾಗಿದೆ. ಅಲ್ಲಿಂದ ಪಶ್ಚಿಮಕ್ಕೆ, ಹೊಳೆ ದಂಡೇಲಿ ವೆಸ್ಟನ್ ಲಾಕ್ (ದೋಣಿ ಹತ್ತಿಸಿ ಇಳಿಸೋ ಗೇಟು, ಹೇಗೆ ಅಂತ ಮುಂದೆ ಹೇಳ್ತೀನಿ) ತನಕ ನಾನೊಬ್ಳೇ ನಡೆದೆ. ನಿಜ ಹೇಳ್ಬೇಕಂದ್ರೆ ನನಗೆ ಅಷ್ಟು ಹಿಡಿಸ್ಲಿಲ್ಲ. ದಾರಿ ಸಮ, ಸುಲಭ, ಆದ್ರೆ ಬಹಳ ದೂರ ಕಟ್ಟಡಗಳ ಬೆನ್ನೇ ಕಾಣತ್ತೆ, ಸೈಕಲ್ ಓಡಾಟ ಜೋರು, ಒಂದು ಚಾ ಅಂಗಡೀಲಿ ಅರ್ಧ ಗಂಟೆ ಕಾಯ್ಸಿ ತಣ್ಣಗಿರೋ ಚಾ ಕೊಟ್ರು. ಇಷ್ಟ ಆಗಿದ್ದು ವಿಕ್ಟೋರಿಯಾ ತೂಗುಸೇತುವೆ ಮಾತ್ರ, 1836ರದ್ದು, ಕಟ್ಟಿಸಿದ ಜೇಮ್ಸ್ ಡ್ರೆಜ್ ವೃತ್ತಿಯಲ್ಲಿ ಬಿಯರ್ ತಯಾರಿಸ್ತಿದ್ದೋರು. ಮಳೆಗಾಲ ಚಳಿಗಾಲದಲ್ಲಿ ಹೊಳೆ ಉಕ್ಕಿದ್ರೆ ಈ ಕಡೆ ಹೋಗ್ಲೇಬೇಡಿ.

ನಾಲೆ ವಿಷಯಕ್ಕೆ ಬಂದ್ರೆ ನಾನು ಪಕ್ಷಪಾತಿ, ಮೊದ್ಲೇ ಒಪ್ಕೋತೀನಿ. ನಮ್ಮೂರು ಮಂಡ್ಯ ಹತ್ರ, ನಾಲೆ ಏರಿ ಮೇಲೆ ನಡ್ಕೊಂಡು ಸ್ಕೂಲಿಗೆ ಹೋದೋಳು ನಾನು. ಆದ್ರೆ ನಮ್ಮ ನಾಲೆ ಗದ್ದೆಗೆ ನೀರು ಕೊಡೋಕೆ ಇರೋದು, ಹರೀತಾನೇ ಇರತ್ತೆ. ಇಲ್ಲಿಯದು ದೋಣೀಲಿ ಸಾಮಾನು ಸಾಗಿಸೋಕೆ ತೋಡಿದ್ದು, ಬಹುಪಾಲು ನಿಂತ ನೀರು, ಏರಿ ಮೇಲಿನ ದಾರಿ ದೋಣಿ ಎಳೆಯೋ ಕುದುರೆಗಳಿಗೆ ಮಾಡಿದ್ದು. ಜಾನ್ ರೆನಿ ಅನ್ನೋ ಎಂಜಿನಿಯರ್ ಮಾಡಿದ ಕೆಲಸ, 1810ಕ್ಕೆ ಪೂರ್ತಿ ಆಯ್ತು, ಅದಾಗಿ ಮೂವತ್ತು ವರ್ಷಕ್ಕೆ ರೈಲು ಬಂದು ವ್ಯಾಪಾರ ಕಿತ್ಕೊಳ್ತು. ಆಮೇಲೆ ಪಾಳು ಬಿದ್ದಿದ್ದನ್ನ ಜನ ದಶಕಗಟ್ಟಲೆ ದುಡಿದು ರಿಪೇರಿ ಮಾಡಿ 1990ರಲ್ಲಿ ಮತ್ತೆ ತೆರೆದ್ರು.

ಸ್ಟೇಷನ್ ಹಿಂದಿನ ಕಾಲ್ಸೇತುವೆ ದಾಟಿದ್ರೆ ವಿಡ್ಕಂ, ಅಲ್ಲೇ ನಾಲೆ ಹೊಳೆಗೆ ಸೇರೋದು. ಅಲ್ಲಿಂದ ಮೇಲಕ್ಕೆ ಆರು ಲಾಕ್. ಲಾಕ್ ಅಂದ್ರೆ ಎರಡು ಗೇಟಿನ ಮಧ್ಯೆ ಒಂದು ಕಲ್ಲಿನ ತೊಟ್ಟಿ, ದೋಣಿ ಒಳಗೆ ಬಂದ್ಮೇಲೆ ಹಿಂದಿನ ಗೇಟು ಮುಚ್ಚಿ ಮೇಲಿಂದ ನೀರು ಬಿಟ್ರೆ ದೋಣಿ ತಾನೇ ಮೇಲೇಳತ್ತೆ, ಆಮೇಲೆ ಮುಂದಿನ ಗೇಟು ತೆಗೀತಾರೆ. ಶುರುವಲ್ಲೇ ಸಿಗೋ ಡೀಪ್ ಲಾಕ್ 19 ಅಡಿಗೂ ಮೇಲೆ ಆಳ, 1976ರಲ್ಲಿ ಎರಡು ಲಾಕ್ ಸೇರಿಸಿ ಒಂದು ಮಾಡಿದ್ದು, ಬಗ್ಗಿ ನೋಡಿದ್ರೆ ನಮ್ಮ ಕಡೆ ದೊಡ್ಡ ಬಾವಿ ನೋಡ್ದಂಗಾಗತ್ತೆ. ಅದಕ್ಕೂ ಮೇಲಿನ ಒಂದು ಲಾಕಲ್ಲಿ ವಯಸ್ಸಾದ ಗಂಡ ಹೆಂಡತಿ ದೋಣಿ ಹತ್ತಿಸ್ತಿದ್ರು, ಆ ಹೆಂಗಸು ನಮ್ಮತ್ತೆ ನೋಡ್ತಾ ನಿಂತಿದ್ದು ಕಂಡು ಬನ್ನಿ ಅಂತ ಕೈ ಮಾಡಿ ಕರೆದ್ರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಉದ್ದ ಮರದ ತೊಲೆಗೆ ಬೆನ್ನು ಕೊಟ್ಟು ತಳ್ಳಿದ್ರು, ಮೊದ್ಲು ಜಗ್ಗಲೇ ಇಲ್ಲ, ನೀರು ಎರಡೂ ಕಡೆ ಸಮ ಆದ ಕ್ಷಣಕ್ಕೆ ಗೇಟು ಮೆತ್ತಗೆ ತೆರ್ಕೊಳ್ತು. ಅತ್ತೆ ಮುಖ ನೋಡ್ಬೇಕಿತ್ತು ನೀವು. ಇಬ್ರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದ್ರೂ ಹತ್ತು ನಿಮಿಷ ಮಾತಾಡಿದ್ರು. ಅಲ್ಲೇ ಬೆಂಚ್ ಮೇಲೆ ಕೂತು ಡಬ್ಬೀಲಿದ್ದ ಚಿತ್ರಾನ್ನ ತಿಂದ್ವಿ, ಅವರಿಗೂ ಕೊಟ್ವಿ.

ಮುಂದೆ ಕ್ಲೀವ್‌ಲೆಂಡ್ ಹೌಸ್ ಅನ್ನೋ ಬಂಗಲೆಯ ಅಡಿಯಲ್ಲೇ ನಾಲೆ ನುಗ್ಗಿ ಹೋಗತ್ತೆ, ಆಮೇಲೆ ಸಿಡ್ನಿ ಗಾರ್ಡನ್ಸ್, ಅಲ್ಲಿ 1800ರ ಎರಡು ಎರಕದ ಕಬ್ಬಿಣದ ಸೇತುವೆ. ಪಾರ್ಕಲ್ಲಿ ಒಂದು ಕಡೆ ನಾಲೆ, ಪಕ್ಕದಲ್ಲೇ ಅದರ ವ್ಯಾಪಾರ ಮುಗಿಸಿದ ರೈಲು ದಾರಿ. ಅಲ್ಲಿಂದ ಬಾತ್‌ಹ್ಯಾಂಪ್ಟನ್ ತನಕ ಸಮತಟ್ಟು. ಅತ್ತೆ ಅಲ್ಲೀವರೆಗೂ ನಡೆದ್ರು. ಗಟ್ಟಿ ಕಾಲಿರೋರು ಇನ್ನೂ ಮುಂದೆ ಡಂಡಸ್ ತನಕ ಹೋಗಿ, ಅಲ್ಲಿ ನಾಲೇನೇ ಸೇತುವೆ ಮೇಲೆ ಹತ್ತಿ ಏವನ್ ಹೊಳೆ ದಾಟತ್ತೆ. ಕೆಳಗೂ ನೀರು, ಮೇಲೂ ನೀರು.

ಮಂಡಿ ನೋವಿರೋರಿಗೆ ಬುಗ್ಗೆ ದಾರಿಗಿಂತ ಸುಲಭ ಯಾವುದೂ ಇಲ್ಲ, ಆದ್ರೆ ಟಿಕೆಟ್ ನಮಗೆ ತಲೆಗೆ 20 ಪೌಂಡಿಗಿಂತ ಕಮ್ಮಿ ಬೀಳ್ಲಿಲ್ಲ, ಮನೆಮಂದಿಯೆಲ್ಲ ಹೋದ್ರೆ ಕೈ ಕಚ್ಚತ್ತೆ, ಬೆಳಗ್ಗೆ ಬೇಗ ಹೋಗಿ. ಹೊಳೆ, ನಾಲೆ ಎರಡಕ್ಕೂ ಕಾಸಿಲ್ಲ. ನಾಲೇಲಿ ಲಾಕ್‌ಗಳ ಹತ್ರ ಮಾತ್ರ ಏರು, ಮಳೆ ಬಂದ್ರೆ ಕೆಸರು, ಟಾಯ್ಲೆಟ್ ಸ್ಟೇಷನ್ನಲ್ಲೇ ಮುಗಿಸ್ಕೊಳ್ಳಿ, ಚಿಕ್ಕ ಮಕ್ಕಳಿದ್ರೆ ಲಾಕ್ ಅಂಚಲ್ಲಿ ಕೈ ಬಿಡ್ಬೇಡಿ. ಒಂದೇ ದಿನ ಇದ್ರೆ ನಾನು ಬೆಳಗ್ಗೆ ಬುಗ್ಗೆ, ಆಮೇಲೆ ಪಲ್ಟ್ನಿ ಕಟ್ಟೆಯಿಂದ ವಿಡ್ಕಂ ತನಕ ಹೊಳೆ ಪಕ್ಕ ಹದಿನೈದು ನಿಮಿಷ, ಉಳಿದ ಹೊತ್ತೆಲ್ಲ ನಾಲೆಗೆ ಕೊಡ್ತೀನಿ. ದುಡ್ಡಿಲ್ಲ ಅಂದ್ರೆ ನಾಲೆ ಒಂದೇ ಸಾಕು.

ಬಾಕಿ ಉಳಿದಿರೋದು ಕ್ಲಾವರ್ಟನ್. ನಾಲೆ ಮೇಲೆ ಹೊಳೆ ಕೆಳಗೆ ಇರೋ ಆ ಜಾಗದಲ್ಲಿ 1813ರಿಂದ ಒಂದು ಪಂಪ್ ಮನೆ ಇದೆ, ಹೊಳೆ ನೀರೇ ದೊಡ್ಡ ಚಕ್ರ ತಿರುಗ್ಸಿ, ಅದೇ ಶಕ್ತೀಲಿ ಹೊಳೆ ನೀರನ್ನ 48 ಅಡಿ ಮೇಲಿನ ನಾಲೆಗೆ ಎತ್ತೋ ಯಂತ್ರ. ಈಗ ಕೆಲವು ದಿನ ಮಾತ್ರ ಓಡಿಸ್ತಾರೆ. ಅತ್ತೆ ಊರಿಗೆ ಹೊರಡೋಕೆ ಮುಂಚೆ ಅಂಥ ಒಂದು ದಿನ ನೋಡಿ ಕ್ಯಾಲೆಂಡರಲ್ಲಿ ಗುರುತು ಹಾಕಿದೀನಿ, ಈ ಸಲ ಚಿತ್ರಾನ್ನ ಎರಡು ಡಬ್ಬಿ ಮಾಡು, ದೋಣಿಯವ್ರು ಸಿಕ್ಕಿದ್ರೆ ಬೇಕಾಗ್ತದೆ ಅಂತ ಅತ್ತೆ ಈಗ್ಲೇ ಹೇಳಿಟ್ಟಿದಾರೆ.